ವೀರೇಂದ್ರನ ಕೈಯಲ್ಲಿದ್ದ ಫೈಲು

ನಮ್ಮ ಓಣಿಯ ಶರೀಫಾಬಿಯ ಮಗ ಸಮೀವುಲ್ಲಾನಿಗೆ ಆದದ್ದು ಇದು. ಬ್ಯಾಡಗಿಯಲ್ಲಿ, ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲದಲ್ಲಿ.

ರಾತ್ರಿ ಕೆಲಸ ಮುಗಿಸಿ ಮನೆಗೆ ಬರುತ್ತ ಹಾಳುಬಾವಿ ದಾಟುತ್ತಿದ್ದ. ಒಳಗೆ ಏನೋ ಬಿತ್ತು... ಗುಳುಂ. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು. ಮೆಣಸಿನಕಾಯಿ ದಲಾಲರಿಗೆ ಲೆಕ್ಕದ ಪ್ರೋಗ್ರಾಂ ಮಾಡಿಕೊಡುವ ಅವನ ಸಾಹುಕಾರ, ಹಾಲಸಿದ್ದಪ್ಪ.

"ಕಂಪ್ಯೂಟರ ಮತ್ತ 'ಆಗಲಿಲ್ಲ' ಅಂತೈತಲೇ! ಮುಂಜಾನೆ ದಲಾಲರು ಬರ್ತಾರ. ಅದು ಆಗಲಿಲ್ಲಂದ್ರ ನೀನೂ ಬರಬ್ಯಾಡ."

ಮನೆಯಲ್ಲಿ ಬಾಣಂತಿ ಹೆಂಡತಿ. ಸಮೀವುಲ್ಲಾ ಆಫೀಸಿಗೆ ಹಿಂದಿರುಗಿದ.

ಪ್ರೋಗ್ರಾಮಿನ ತುಂಡುಗಳನ್ನು ತಾನೇ ಜೋಡಿಸುವಂತೆ ಕಂಪ್ಯೂಟರಿಗೆ ಸಾಲಾಗಿ ಆಜ್ಞೆ ಬರೆದಿಟ್ಟವನು ಅಲ್ಲೇ ಕೆಲಸಕ್ಕಿದ್ದ ಐರಣಿಯ ವೀರೇಂದ್ರ. ಹೈವೇಯಲ್ಲಿ ಲಾರಿಗೆ ಸಿಕ್ಕು ಸತ್ತಿದ್ದ. ಅಂದಿನಿಂದ ಜೋಡಣೆ ಕೆಟ್ಟಿತ್ತು. ಇಂಗ್ಲಿಷ್ ಸಾಲು ಕಂಡರೆ ಸಾಹುಕಾರ ಕೂಗಾಡುತ್ತಾನೆಂದು, ಕಂಪ್ಯೂಟರಿನ ತಕರಾರು ಪರದೆಗೆ ಬರದಂತೆ ವೀರೇಂದ್ರನೇ ಅದರ ಬಾಯಿ ಕಟ್ಟಿಟ್ಟಿದ್ದ. ಕೊನೆಗೆ ಒಂದೇ ಮಾತು: ಆಗಲಿಲ್ಲ. ಹೊಟ್ಟೆನೋವೋ ಕಿವಿನೋವೋ ಹೇಳದೆ ಕೂಸು ಬರೀ ಅತ್ತ ಹಾಗೆ. ಗಂಡಸರ ಬುದ್ಧಿ!

ಸಮೀವುಲ್ಲಾ ಆ ಕಟ್ಟು ಬಿಚ್ಚಿದ. ಪ್ರತಿ ಆಜ್ಞೆಯೂ ನಡೆಯುವ ಮುಂಚೆ ಪರದೆಯ ಮೇಲೆ ಮೂಡಬೇಕು. ಕೆಟ್ಟರೆ ಅಲ್ಲೇ ನಿಂತು ಕಾರಣ ಹೇಳಬೇಕು. ಹಾಗೆ ತಿದ್ದಿ ಶುರುಮಾಡಿದ.

ಸಾಲುಗಳು ಓಡಿದವು... ನಿಂತವು. ವೀರೇಂದ್ರನ ಕಂಪ್ಯೂಟರಿನಿಂದ ತೂಕದ ಲೆಕ್ಕದ ಫೈಲು ತರುವ ಆಜ್ಞೆ ಅದು. ಕೆಳಗೆ ಕಾರಣ: ಫೈಲು ತೆರೆದಿದೆ. ಬಳಸುತ್ತಿರುವವರು ವೀರೇಂದ್ರ.

ಆ ಕಂಪ್ಯೂಟರು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ವೈರು ಸುತ್ತಿ ಮೇಲಿಟ್ಟಿದ್ದರು.

ಟಕ್... ಟಕ್ ಟಕ್... ಗೋಣಿಯ ಕೆಳಗೆ ಕೀಲಿ ಒತ್ತುವ ಸಪ್ಪಳ.

ಆಮೇಲೆ ಒಂದು ಸೀನು. ಬ್ಯಾಡಗಿಯ ಮೆಣಸಿನಕಾಯಿ ಘಾಟು ನಮಗೆಲ್ಲ ರೂಢಿ. ಹೊಳೆದಂಡೆಯ ಐರಣಿಯವನಿಗೆ ಅದು ಕೊನೆತನಕ ಒಗ್ಗಿರಲಿಲ್ಲ.

ಓಡಿದರೆ ಕೆಲಸ ಹೋಯಿತು. ಸಮೀವುಲ್ಲಾ ಪಿಸುಗುಟ್ಟಿದ. "ವೀರಣ್ಣಾ... ಇನ್ನ ಬಿಡ್ರಿ. ಮನ್ಯಾಗ ಕೂಸೈತಿ."

ಸಪ್ಪಳ ನಿಂತಿತು.

"ಸಾಹುಕಾರ... ಬೈತಾನೇನೋ?" ಗೋಣಿಯೊಳಗಿನಿಂದ ದನಿ.

"ಬೈಯಂಗಿಲ್ರಿ. ನಾ ಅದೇನಿ."

ಮತ್ತೆ ಶುರುಮಾಡಿದ. ಈ ಸಲ ಎಲ್ಲೂ ನಿಲ್ಲಲಿಲ್ಲ.

ಬೆಳಿಗ್ಗೆ ದಲಾಲರು ಪ್ರೋಗ್ರಾಂ ಒಯ್ದರು. ನಡೆದದ್ದು ಕೇಳಿ ಹಾಲಸಿದ್ದಪ್ಪ ನಕ್ಕ. "ಹುಚ್ಚ ಹಿಡದೈತೇನ್ಲೇ?" ಗೋಣಿ ಸರಿಸಿ ಕಂಪ್ಯೂಟರಿನ ಡಬ್ಬಿ ಬಿಚ್ಚಿ ತೋರಿಸಿದ. ಫೈಲುಗಳನ್ನು ಇಟ್ಟುಕೊಳ್ಳುವ ಒಳಗಿನ ಡಿಸ್ಕು ಕೆಟ್ಟಿತ್ತೆಂದು, ವೀರೇಂದ್ರ ಸತ್ತ ವಾರವೇ ತೆಗೆದು ಗುಜರಿಗೆ ಹಾಕಿದ್ದನಂತೆ. ಅಲ್ಲಿದ್ದದ್ದು ಖಾಲಿ ಜಾಗ, ಸಡಿಲ ತಿರುಪುಗಳು.

ಹಾಗಾದರೆ ರಾತ್ರಿ ಆ ಫೈಲು ಬಂದದ್ದು ಎಲ್ಲಿಂದ? ನಕ್ಕವನೇ ಗೋಣಿ ಮತ್ತೆ ಹೊದಿಸಿದ.

ಖರೇ ಹೇಳಾಕತ್ತೇನಿ. ಆ ಫೈಲು ಈಗಲೂ ದಲಾಲರ ಅಂಗಡಿಯಲ್ಲಿ ಮೆಣಸಿನಕಾಯಿ ತೂಕದ ಲೆಕ್ಕ ಹಾಕುತ್ತಿದೆ.