ಅಣ್ಣ ಮಾರಿದ ಕುದುರೆ

ಪಶು ಆಸ್ಪತ್ರೆಯ ಬೆಂಚಿನಲ್ಲಿ ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದರ್ಜಿಯ ಕಿವಿಯೆಲ್ಲ ಪಕ್ಕದ ಗಂಡಹೆಂಡಿರ ಮೇಲಿತ್ತು. ಗಂಡ ಆಗಷ್ಟೇ ತೆಗೆದ ಕುದುರೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ.

“ನೋಡು, ಬೆನ್ನಿನ ಮೂಳೆಗಳು ಒಂದಕ್ಕೊಂದು ಉಜ್ತಾ ಇವೆಯಂತೆ. ಆಪರೇಷನ್ ಮಾಡಿ ಬಿಡಿಸ್ಬೇಕಂತೆ.”

“ಕಾಲು ಕುಂಟುತ್ತೆ ಅಂತ ಕರ್ಕೊಂಡ್ ಬಂದ್ರೆ ಬೆನ್ನು ಕೊಯ್ತಾರಂತಾ? ನಂಗ್ಯಾಕೋ ಈ ಡಾಕ್ಟ್ರ ಮೇಲೇ ಅನುಮಾನ.”

“ನೋವು ಹಳೇದಂತೆ. ನಾವು ಕೊಂಡ್ಕೊಳ್ಳೋಕೆ ಮುಂಚಿಂದು.”

“ಅಂದ್ರೆ ನಮ್ಮಣ್ಣ ಮೋಸ ಮಾಡ್ದ ಅಂತೀರಾ? ಪಾಪ, ಅವನು ಬೆಳಿಗ್ಗೇನೇ ಫೋನ್ ಮಾಡಿ, ಯಾರೇನೇ ಹೇಳ್ಲಿ, ಬೆನ್ನು ಮಾತ್ರ ಕೊಯ್ಸಬೇಡಿ ಅಂದ.”

“ಬೆಳಿಗ್ಗೇನಾ? ಅವನಿಗೆ ನೀನು ಏನಂತ ಹೇಳಿದ್ದೆ?”

“ಕಾಲು ಕುಂಟುತ್ತೆ ಅಂತ…”

ದರ್ಜಿ ಬುಟ್ಟಿಯೊಳಗಿನ ಬೆಕ್ಕನ್ನು ಸುಮ್ಮನಿರಿಸಿದ.

ಅಷ್ಟರಲ್ಲಿ ಒಳಗಿನಿಂದ ಕುದುರೆಯವರನ್ನು ಕರೆದರು. ಹೆಂಡತಿಯ ಕೈಯಲ್ಲಿ ಫೋನೂ ರಿಂಗಾಯಿತು.

“ಅಣ್ಣಂದೇ,” ಎಂದವಳು ಅದನ್ನು ಎತ್ತದೆ ಗಂಡನ ಹಿಂದೆ ನಡೆದಳು.