ಅನುಭವ ಹನ್ನೊಂದು ವರ್ಷ

ವಿಮಾ ಕಚೇರಿಯ ಸರದಿಯಲ್ಲಿ ನನ್ನ ಮುಂದಿದ್ದವನು ತಂಗಿಯ ಕೈಯಿಂದ ಅರ್ಜಿ ಕಿತ್ತುಕೊಂಡ.

“ಅನುಭವ ಹನ್ನೊಂದು ವರ್ಷ ಅಂತ ಬರ್ದಿದ್ದೀಯಲ್ಲೇ! ಲೈಸೆನ್ಸ್ ಬಂದು ಹನ್ನೊಂದು ದಿನ ಆಗಿಲ್ಲ.”

“ನರ್ಸ್ ಕೆಲಸದ್ದು ಕೇಳಿದ್ದಾರೆ ಅನ್ಕೊಂಡೆ ಅಣ್ಣಾ.”

“ನೀನು ಸೂಜಿ ಚುಚ್ಚಿದ ಲೆಕ್ಕ ಇವರಿಗ್ಯಾಕೆ? ಈ ದೇಶದಲ್ಲಿ ಹೊಸ ಡ್ರೈವರ್ ಅಂದ್ರೆ ಆ ಡಬ್ಬಾ ಕಾರಿಗಿಂತ ವಿಮೆನೇ ಜಾಸ್ತಿ ಆಗುತ್ತೆ.”

“ಸೋಮವಾರದೊಳಗೆ ಕಾರಿಲ್ಲ ಅಂದ್ರೆ, ರೋಗಿಗಳ ಮನೆಗೆ ಹೋಗೋ ಆ ಕೆಲಸ ಬೇರೆಯವರ ಪಾಲು.”

“ನಾನೇ ಓಡಿಸ್ತೀನಿ ಅಂತ ನನ್ನ ಹೆಸರು ಬರಿ. ಅರ್ಧಕ್ಕೆ ಇಳಿಯುತ್ತೆ.”

“ನಾನು ಯಾರಿಗಾದ್ರೂ ಗುದ್ದಿದ್ರೆ? ಸುಳ್ಳು ಬರ್ದಿದ್ದಾರೆ ಅಂತ ಪರಿಹಾರ ಕೊಡಲ್ಲ.”

“ಗುದ್ದಬೇಡ, ಅಷ್ಟೇ.”

“ಗುದ್ದಿಸಿಕೊಂಡವನ ಹೆಂಡ್ತಿಗೂ ಹಂಗೇ ಹೇಳ್ಲಾ?”

ಅವನು ಅವಳತ್ತ ಪೆನ್ನು ಚಾಚಿದ. ಅವಳು ಸರದಿ ಬಿಟ್ಟು ಬಾಗಿಲ ಕಡೆ ಹೊರಟಳು.

“ಬರೆಯಲ್ಲ. ಕಾರೂ ಬೇಡ.”