ಟ್ಯೂಬಾ ಕಟ್ಟಿ ಕಳಿಸಿದ್ದು

ನನ್ನ ಹೆಸರು ತ್ರಿವೇಣಿ, ಗಂಡನ ಹೆಸರು ಉಲ್ಲಾಸ್, ವಯಸ್ಸು ನಲವತ್ತಾರು ವರ್ಷ, ಉದ್ಯೋಗ ಕಂಪ್ಯೂಟರ್ ಕಂಪನಿಯಲ್ಲಿ ಹಾರ್ಡ್‌ವೇರ್ ಎಂಜಿನಿಯರ್, ಸ್ವಂತ ಊರು ಮೈಸೂರು, ಹಾಲಿ ವಾಸ ಟೆಕ್ಸಸ್‌ನ ರೌಂಡ್ ರಾಕ್. ಈ ದಿನ ಸಂಜೆ ಮರ್ಫಿ ಊರಿನ ಪೊಲೀಸ್ ಠಾಣೆಗೆ ನಾನಾಗಿಯೇ ಬಂದು, ಅಧಿಕಾರಿ ರೇಯೆಸ್ ಅವರ ಮುಂದೆ, ಕೇಳಿದ್ದಕ್ಕೆ ನನಗೆ ತಿಳಿದಷ್ಟನ್ನು ಹೇಳಿ ಬರೆಸುವುದೇನೆಂದರೆ:

ನನಗೆ ಇಂಗ್ಲಿಷ್ ಬರುತ್ತದೆ. ಆದರೆ ಬೆಳಗ್ಗೆಯಿಂದ ಇದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ಬೇರೆ ಯಾರಿಗೋ ಆದದ್ದರಂತೆ ಕೇಳಿಸಿತು. ಆದ್ದರಿಂದ ಕನ್ನಡದಲ್ಲಿ ಹೇಳಲು ಅನುಮತಿ ಕೇಳಿ ಪಡೆದಿದ್ದೇನೆ. ಅನುವಾದಕಿ ಸಂಹಿತಾ ಎಂಬವರು ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದಾರೆ.

ಉಲ್ಲಾಸ್ ಅವರೂ ನಾನೂ ಮದುವೆಯಾಗಿ ಹತ್ತೊಂಬತ್ತು ವರ್ಷಗಳಾದವು. ಮಕ್ಕಳಿಲ್ಲ. ಮೊದಲು ಹ್ಯೂಸ್ಟನ್ ಬಳಿಯ ಮಿಸೌರಿ ಸಿಟಿಯಲ್ಲಿದ್ದೆವು, ನಂತರ ರೌಂಡ್ ರಾಕ್‌ಗೆ ಶಿಫ್ಟ್ ಆದೆವು. ಕಳೆದ ಆಗಸ್ಟ್‌ನಿಂದ ಬೇರೆ ಬೇರೆ ಇದ್ದೇವೆ. ಉಲ್ಲಾಸ್ ಡಲ್ಲಾಸ್‌ನಲ್ಲಿ ಕೆಲಸ ಹಿಡಿದು ಅದರ ಹತ್ತಿರದ ಮರ್ಫಿಯಲ್ಲಿ ಮನೆ ಮಾಡಿದ್ದಾರೆ. ವಿಚ್ಛೇದನದ ಅರ್ಜಿಯನ್ನು ಆಸ್ಟಿನ್‌ನ ವಕೀಲರೊಬ್ಬರ ಮೂಲಕ ಇಬ್ಬರೂ ಒಪ್ಪಿಯೇ ಹಾಕಿದ್ದೇವೆ.

ಈ ದಿನ ಪೊಲೀಸರು ಪರೀಕ್ಷಿಸಿದ ಪೆಟ್ಟಿಗೆಯಲ್ಲಿದ್ದ ಟ್ಯೂಬಾ ಉಲ್ಲಾಸ್ ಅವರದು. ಟ್ಯೂಬಾ ಎಂದರೆ ಮಡಿಲಲ್ಲಿಟ್ಟುಕೊಂಡು ಊದುವ ಹಿತ್ತಾಳೆಯ ದೊಡ್ಡ ವಾದ್ಯ, ಕೂತವರ ತಲೆಗಿಂತ ಮೇಲಕ್ಕೆ ಅದರ ಬಾಯಿ ಅರಳಿರುತ್ತದೆ. ಮಿಸೌರಿ ಸಿಟಿಯಲ್ಲಿದ್ದಾಗ ಚರ್ಚಿನಲ್ಲಿ ನುಡಿಸುತ್ತಿದ್ದ ಒಬ್ಬ ಮುದುಕರಿಂದ ಕೊಂಡದ್ದು. ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ ತಂದೆವು. ಮನೆ ಬಿಟ್ಟು ಹೋಗುವಾಗ ಉಲ್ಲಾಸ್ ಬಟ್ಟೆಬರೆ ಮಾತ್ರ ತೆಗೆದುಕೊಂಡು ಹೋಗಿದ್ದರು. ಟ್ಯೂಬಾ ಅವರ ಕೋಣೆಯಲ್ಲೇ ಉಳಿಯಿತು. ನಾನು ಆ ಕೋಣೆಯ ಬಾಗಿಲು ಹಾಕಿಟ್ಟಿದ್ದೆ.

ಈ ತಿಂಗಳ ಮೊದಲ ವಾರ ಉಲ್ಲಾಸ್ ಮೆಸೇಜ್ ಮಾಡಿ, ಇಲ್ಲಿನ ಒಂದು ಬ್ಯಾಂಡ್‌ನವರು ತನ್ನನ್ನು ಸೇರಿಸಿಕೊಂಡಿದ್ದಾರೆಂದೂ, ಇಪ್ಪತ್ತಮೂರನೇ ತಾರೀಕು ಭಾನುವಾರ ಕೆರೆಯ ಪಕ್ಕದ ಪಾರ್ಕಿನಲ್ಲಿ ಕಾರ್ಯಕ್ರಮವಿದೆಯೆಂದೂ, ಡ್ರೈವ್ ಮಾಡಿಕೊಂಡು ಬಂದು ಟ್ಯೂಬಾ ಒಯ್ಯಬಹುದೇ ಎಂದೂ ಕೇಳಿದರು. ಬರಬೇಡ, ನಾನೇ ಕಳಿಸುತ್ತೇನೆ ಎಂದು ಬರೆದೆ. ಯಾಕೆ ಹಾಗೆ ಬರೆದಿರಿ ಎಂದು ಅಧಿಕಾರಿ ಕೇಳಿದರು. ಉಲ್ಲಾಸ್ ಬಂದು ಆ ಕೋಣೆಯಲ್ಲಿ ನಿಂತು, ಮತ್ತೆ ಹೊರಟುಹೋಗುವುದನ್ನು ಇನ್ನೊಮ್ಮೆ ನೋಡಲು ನನಗೆ ಇಷ್ಟವಿರಲಿಲ್ಲ.

ಮಂಗಳವಾರ ಸಂಜೆ ಕಟ್ಟಲು ಶುರುಮಾಡಿದೆ. ಒಳಗೆ ನಿಂತಿದ್ದ ತೇವವನ್ನು ಬಗ್ಗಿಸಿ ತೆಗೆದೆ. ಬೆರಳಲ್ಲಿ ಒತ್ತುವ ವಾಲ್ವ್‌ಗಳು ದಾರಿಯಲ್ಲಿ ಕುಣಿಯದಂತೆ ಅವುಗಳ ಮಧ್ಯೆ ಬಟ್ಟೆ ತುರುಕಿ ನೂಲಿನ ದಾರದಿಂದ ಕಟ್ಟಿದೆ. ಟ್ಯೂಬಾದ ಅಂಚು ನೋಡಲು ಗಟ್ಟಿ, ಆದರೆ ಊಟದ ತಟ್ಟೆಗಿಂತ ತೆಳು. ಒಂದು ಕಡೆ ಏಟು ಬಿದ್ದರೆ ಇನ್ನೊಂದು ಕಡೆ ನೆರಿಗೆ ಬೀಳುತ್ತದೆ. ಹಾಗಾಗಿ ಬಾಯೊಳಗೆ ನನ್ನ ಹಳೆಯ ಹತ್ತಿ ಸೀರೆಗಳನ್ನು ಸುತ್ತಿ ತುಂಬಿದೆ. ಕೈತಪ್ಪಿ ಬಿದ್ದರೂ ಅಂಚಿಗೆ ಭಾರ ತಾಗದಂತೆ ಸುತ್ತ ರಗ್ಗು ಹೊದಿಸಿದೆ. ಆಮೇಲೆ ಟ್ಯೂಬಾವನ್ನು ಅದರ ಗಟ್ಟಿ ಕೇಸಿನೊಳಗೆ ಮಲಗಿಸಿದೆ.

ಬುಧವಾರ ಮಧ್ಯಾಹ್ನ ಮಿಕ್ಕ ಕೆಲಸಕ್ಕೆಂದು ಕೂತವಳು ತೆರೆದ ಕೇಸಿನ ಪಕ್ಕದಲ್ಲೇ ಕಾರ್ಪೆಟ್ ಮೇಲೆ ಒರಗಿ ನಿದ್ದೆಹೋದೆ. ಕನಸಿನಲ್ಲಿ ಮಿಸೌರಿ ಸಿಟಿಯ ಬೀದಿಗಳ ಮೇಲೆಲ್ಲ ತಿಳಿನೀರು ನಿಂತಿತ್ತು. ಟ್ಯೂಬಾ ತೆಪ್ಪದಂತೆ ಬಾಯಿ ಮೇಲೆ ಮಾಡಿಕೊಂಡು ತೇಲುತ್ತಿತ್ತು. ನಾವಿಬ್ಬರೂ ಅದರ ಎರಡು ಬದಿ ಹಿಡಿದುಕೊಂಡಿದ್ದೆವು. ಕೆಳಗೆ ಮನೆಗಳ ಸೂರು, ನಿಲ್ಲಿಸಿದ ಕಾರುಗಳು, ಯಾರೋ ಮರೆತ ಸೈಕಲ್ಲು ಸ್ಪಷ್ಟವಾಗಿ ಕಾಣುತ್ತಿದ್ದವು. ಯಾರೂ ಮಾತಾಡಲಿಲ್ಲ, ಆಡಬೇಕು ಅಂತಲೂ ಅನ್ನಿಸಲಿಲ್ಲ. ಎಚ್ಚರವಾದಾಗ ಕಿಟಕಿಯ ಬಿಸಿಲು ರಗ್ಗಿನ ಸಂದಿಯಲ್ಲಿ ಕಾಣುತ್ತಿದ್ದ ಹಿತ್ತಾಳೆಗೆ ಬಿದ್ದು, ಚಾವಣಿಯಲ್ಲಿ ಹಳದಿ ಬೆಳಕು ನೀರಿನ ಹಾಗೆ ಅಲುಗುತ್ತಿತ್ತು. ಇದು ತನಿಖೆಗೆ ಬೇಡವೆಂದು ಅಧಿಕಾರಿ ಹೇಳಿದರು. ಪೆಟ್ಟಿಗೆಯ ಹತ್ತಿರ ನಾನೊಬ್ಬಳೇ ಎಷ್ಟು ಹೊತ್ತಿದ್ದೆ, ಏನು ಮಾಡುತ್ತಿದ್ದೆ ಎಂದು ಅವರೇ ಕೇಳಿದ್ದರಿಂದ ಹೇಳಿದ್ದೇನೆ.

ಎದ್ದ ಮೇಲೆ ಕೇಸಿಗೆ ಚಿಲಕ ಹಾಕಿ, ಮೇಲೆ ಪಟ್ಟಿ ಬಿಗಿದೆ. ದಪ್ಪ ಸ್ಪಂಜಿನ ಹಾಸು ಹಾಕಿದ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಆ ಪೆಟ್ಟಿಗೆಯನ್ನು ಇನ್ನೂ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ನಡುವಿನ ಜಾಗ ತುಂಬಿದೆ. ಕೊನೆಗೆ ಪೆಟ್ಟಿಗೆಯನ್ನು ತಬ್ಬಿ ಅಲುಗಾಡಿಸಿ ನೋಡಿದೆ. ಒಳಗೆ ಯಾವುದೂ ಸರಿಯಲಿಲ್ಲ, ಯಾವ ಸದ್ದೂ ಬರಲಿಲ್ಲ. ಗುರುವಾರ ಸಾಗಣೆ ಲಾರಿಯವರು ಬಂದು ಒಯ್ದರು.

ಇಂದು ಶನಿವಾರ ಬೆಳಗ್ಗೆ ಒಂಬತ್ತರ ಸುಮಾರಿಗೆ ರಾಜಲಕ್ಷ್ಮಿ ಆಂಟಿ ಫೋನ್ ಮಾಡಿದರು. ಅವರು ಧಾರವಾಡದವರು, ಹೃದಯದ ಡಾಕ್ಟರಾಗಿದ್ದು ಈಗ ನಿವೃತ್ತರು, ಮರ್ಫಿಯಲ್ಲಿ ಉಲ್ಲಾಸ್ ಅವರ ಪಕ್ಕದ ಮನೆ. ಕನ್ನಡ ಸಂಘದಿಂದ ನನಗೂ ಪರಿಚಯ. ಅವರು ಹೇಳಿದ್ದು: "ತ್ರಿವೇಣಿ, ಉಲ್ಲಾಸನ ಬಾಗಿಲದಾಗ ನಿನ್ನ ಹೆಸರಿನ ದೊಡ್ಡ ಡಬ್ಬಿ ಬಂದದ. ಅವ ಮನ್ಯಾಗಿಲ್ಲ. ಗಿಡಕ್ಕ ನೀರು ಹಾಕಲಿಕ್ಕೆ ಬಂದಾಕಿ ಕಿವಿ ಹಚ್ಚಿ ಕೇಳಿದೆ. ಒಳಗ ಏನೋ ಟಿಕ್ ಟಿಕ್ ಅನ್ನಲಿಕ್ಕತ್ತದ. ನಿಮ್ಮಿಬ್ಬರದು ಕೋರ್ಟು ನಡದದ ಅಂತ ಗೊತ್ತಿತ್ತು. ನನಗ ಅಂಜಿಕಿ ಬಂತು, ಪೊಲೀಸರಿಗೆ ಹೇಳಿಬಿಟ್ಟೇನಿ. ಸಿಟ್ಟಾಗಬ್ಯಾಡ." ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅಧಿಕಾರಿ ರೇಯೆಸ್ ಅವರೇ ಕರೆ ಮಾಡಿದರು. ಅಕ್ಕಪಕ್ಕದ ಮನೆಯವರನ್ನು ಹೊರಗೆ ಕಳಿಸಿದ್ದಾರೆಂದೂ, ಬಾಂಬ್ ಪರೀಕ್ಷಿಸುವ ತಂಡ ಬಂದಿದೆಯೆಂದೂ, ಚಕ್ರದ ಮೇಲೆ ಹೋಗುವ ಯಂತ್ರದಿಂದ ರಭಸವಾಗಿ ನೀರು ಹೊಡೆದು ಪೆಟ್ಟಿಗೆಯನ್ನು ಛಿದ್ರ ಮಾಡುವುದು ಅವರ ಕ್ರಮವೆಂದೂ ತಿಳಿಸಿದರು. ಅದರೊಳಗೆ ಬ್ಯಾಟರಿ ಇರುವ ವಸ್ತು ಏನಾದರೂ ಇದೆಯೇ ಎಂದರು. ನಾನು ಇಟ್ಟಿಲ್ಲ ಎಂದೆ. ಹಾಗಾದರೆ ಸದ್ದು ಯಾವುದರದು ಎಂದರು. ಗೊತ್ತಿಲ್ಲ ಎಂದೆ. ಆಗ ನಾನು ರೌಂಡ್ ರಾಕ್‌ನ ಅಡುಗೆಮನೆಯಲ್ಲಿ ನಿಂತಿದ್ದೆ. ಹೊರಗೆ ಮಂಜು ಕವಿದು ಎದುರು ಮನೆ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಉಲ್ಲಾಸ್ ಹಾಲು ತೆಗೆದುಕೊಂಡು ಅಂಗಡಿಯಿಂದ ಮರಳಿದರು. ಅಧಿಕಾರಿ ಫೋನ್ ಇಟ್ಟಿರಲಿಲ್ಲ, ಆದ್ದರಿಂದ ಅಲ್ಲಿಯ ಮಾತು ನನಗೆ ಕೇಳಿಸುತ್ತಿತ್ತು. ಪೆಟ್ಟಿಗೆಯಲ್ಲಿ ಏನಿದೆ ಎಂದು ಅಧಿಕಾರಿ ಉಲ್ಲಾಸ್ ಅವರನ್ನು ಕೇಳಿದರು. ಟ್ಯೂಬಾ ಎಂದರು. ಕಟ್ಟಿದವರು ಯಾರು ಎಂದಾಗ ಹೆಂಡತಿ ಎಂದರು. ಆಕೆಗೆ ನಿಮ್ಮ ಮೇಲೆ ಕೋಪವಿದೆಯೇ ಎಂದು ಕೇಳಿದರು. ಇದೆ, ಇರಬೇಕಾದ್ದೇ ಎಂದರು. ಆಮೇಲೆ, ಅವಳು ಕಟ್ಟಿದ ಪೆಟ್ಟಿಗೆಯನ್ನು ತಾನೇ ಬರಿಗೈಯಲ್ಲಿ ಹೋಗಿ ಬಿಚ್ಚುವುದಾಗಿಯೂ, ದಯವಿಟ್ಟು ನೀರು ಹೊಡೆಯಬಾರದೆಂದೂ ಹೇಳಿದರು. ಅವರನ್ನು ಬಿಡಲಿಲ್ಲ. ಆಗ ಫೋನಿನ ಹತ್ತಿರ ಬಂದು ಕನ್ನಡದಲ್ಲಿ, "ತ್ರಿವೇಣಿ, ಇದೀಯಾ?" ಎಂದರು.

"ಇದೀನಿ."

"ಹೇಗೆ ಕಟ್ಟಿದೀಯ ಅಂತ ಇವರಿಗೆ ಹೇಳು. ಹೊರಗಿಂದ ಒಳಗೆ. ನಿಧಾನವಾಗಿ ಹೇಳು, ಅವಸರ ಮಾಡ್ಬೇಡ."

ಕಣ್ಣು ಮುಚ್ಚಿಕೊಂಡು ಹೇಳಿದೆ. ಹೊರಗಿನ ರಟ್ಟು, ಒಳಗಿನ ರಟ್ಟು, ಸ್ಪಂಜು, ಪಟ್ಟಿ, ಕೇಸು, ರಗ್ಗು, ಸೀರೆಗಳು. ಯಾವ ಸೀರೆ ಯಾವುದರ ಮೇಲೆ ಎಂಬುದನ್ನೂ ಹೇಳಿದೆ. ಅತ್ತ ತಂಡದವರು ಎಕ್ಸ್‌ರೇ ತೆಗೆದು ನಾನು ಹೇಳಿದ್ದಕ್ಕೆ ಹೋಲಿಸಿ ನೋಡುತ್ತಿದ್ದರು. ಎಲ್ಲವೂ ತಾಳೆಯಾಯಿತು. ಕೇಸಿನ ಮೂಲೆಯಲ್ಲಿ ಅಂಗೈಯಷ್ಟು ಚಿಕ್ಕದೊಂದು ವಸ್ತು ಮಾತ್ರ ನಾನು ಹೇಳಿದ್ದರಲ್ಲಿ ಇರಲಿಲ್ಲ.

ಆ ಸದ್ದನ್ನು ನನಗೆ ಒಮ್ಮೆ ಕೇಳಿಸಿ ಎಂದು ಕೋರಿದೆ. ಯಂತ್ರದಲ್ಲಿದ್ದ ಮೈಕಿನ ಸ್ಪೀಕರ್‌ಗೆ ಅಧಿಕಾರಿ ಫೋನ್ ಹಿಡಿದರು. ಕೇಳಿದ ಕೂಡಲೇ ನನಗೆ ತಿಳಿಯಿತು. ಅದು ತಾಳ ತೋರಿಸುವ ಮೆಟ್ರೊನೋಮ್. ಉಲ್ಲಾಸ್ ಪ್ರತಿದಿನ ನಸುಕಿನಲ್ಲಿ ಅದನ್ನು ತೀರಾ ನಿಧಾನಕ್ಕೆ ಇಟ್ಟುಕೊಂಡು ಒಂದೊಂದೇ ಸ್ವರವನ್ನು ಉಸಿರಿರುವಷ್ಟೂ ಊದುತ್ತಿದ್ದರು. ಗೋಡೆಯ ಈಚೆ ನಾನು ಅರೆನಿದ್ದೆಯಲ್ಲಿರುತ್ತಿದ್ದೆ. ಎಷ್ಟೋ ವರ್ಷ ನನ್ನ ಬೆಳಗಿನ ಕನಸುಗಳೆಲ್ಲ ಅದೇ ತಾಳದಲ್ಲಿ ನಡೆದಿವೆ. ಅದು ಕೇಸಿನ ಮೂಲೆಯಲ್ಲಿ, ತುಟಿಗಿಟ್ಟು ಊದುವ ಮೌತ್‌ಪೀಸ್ ಇಡುವ ಜೇಬಿನಲ್ಲಿದ್ದಿರಬೇಕು, ದಾರಿಯಲ್ಲಿ ಯಾವುದಾದರೂ ಕುಲುಕಾಟಕ್ಕೆ ಗುಂಡಿ ಒತ್ತಿಕೊಂಡಿರಬೇಕು ಎಂದೆ. ಕಟ್ಟುವಾಗ ಆ ಜೇಬನ್ನು ಯಾಕೆ ನೋಡಲಿಲ್ಲ ಎಂದು ಕೇಳಿದರು. ಅದು ಅವರ ಜೇಬು, ಎಂದೂ ತೆರೆದಿಲ್ಲ ಎಂದೆ.

ಉಲ್ಲಾಸ್ ಅವರನ್ನು ಕೇಳಿದಾಗ ಅವರೂ ಹೌದೆಂದರು. ಮೈತುಂಬ ಕವಚ ತೊಟ್ಟ ಒಬ್ಬರು ಹೋಗಿ ಪದರ ಪದರವಾಗಿ ಬಿಚ್ಚಿದರು. ನಾನು ನಿಂತಲ್ಲೇ ನಿಂತಿದ್ದೆ. ಇದ್ದಕ್ಕಿದ್ದಂತೆ ಟಿಕ್ ಟಿಕ್ ನಿಂತುಹೋಯಿತು. ಅದು ಯಾಕೆ ನಿಂತಿತೆಂದು ನನಗೆ ಗೊತ್ತಾಗಲಿಲ್ಲ. ನಂತರ ಅಧಿಕಾರಿ, ಮೆಟ್ರೊನೋಮ್ ಆಫ್ ಮಾಡಿದ್ದಾರೆ, ಬೇರೇನೂ ಇಲ್ಲ ಎಂದರು. ಒಳಗಿನ ವಾದ್ಯಕ್ಕೆ ಹಾನಿಯಾಗಿದೆಯೇ ಎಂದು ಬರೆದುಕೊಳ್ಳಬೇಕಿದ್ದರಿಂದ ಉಲ್ಲಾಸ್ ಅವರಿಗೆ ಊದಿ ನೋಡಲು ಹೇಳಿದರು. ಅವರು ಒಂದು ಸ್ವರ ಊದಿದರು. ಕೆಳಗಿನ ಸ್ವರ, ತುಂಬಾ ಹೊತ್ತು ಹಿಡಿದರು. ಫೋನನ್ನು ಎದೆಗೆ ಒತ್ತಿಕೊಂಡಿದ್ದೆನೆಂದು ಸ್ವರ ನಿಂತ ಮೇಲೆ ಗೊತ್ತಾಯಿತು. ಎಲ್ಲಿಯೂ ಪೆಟ್ಟಾಗಿಲ್ಲವೆಂದು ಬರೆದುಕೊಂಡರು.

ಹೇಳಿಕೆ ಕೊಡಲು ಹನ್ನೊಂದಕ್ಕೆ ಹೊರಟು, ಹೈವೇ ಬದಿಯಲ್ಲಿ ಒಂದೆಡೆ ನಿಲ್ಲಿಸಿ ಸ್ವಲ್ಪ ಹೊತ್ತು ಕೂತು, ಮೂರೂವರೆಗೆ ಠಾಣೆ ತಲುಪಿದೆ. ಉಲ್ಲಾಸ್ ಪಾರ್ಕಿಂಗ್‌ನಲ್ಲಿ ಕಾಯುತ್ತಿದ್ದರು. ನಾಳೆ ಕಾರ್ಯಕ್ರಮಕ್ಕೆ ಇರುತ್ತೀಯಾ ಎಂದು ಕೇಳಿದರು. ಇಲ್ಲ, ಇವತ್ತೇ ವಾಪಸ್ ಹೋಗುತ್ತೇನೆ ಎಂದೆ. ಸರಿ ಎಂದರು. ಒಳಗೆ ಬರುವಾಗ ಬಾಗಿಲು ಹಿಡಿದು ನಿಂತರು.

ಕೊನೆಯದಾಗಿ, ಗಂಡನ ಮೇಲೆ ನಿಮಗೆ ದ್ವೇಷವಿದೆಯೇ ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದೆ. ಹಾಗಾದರೆ ಬೇರೆಯಾಗುವುದು ಯಾಕೆ ಎಂದು ಅವರು ಕೇಳಲಿಲ್ಲ, ಅನುವಾದಕಿ ಸಂಹಿತಾ ಕೇಳಿದರು. ಕೂಡಲೇ ಸಾರಿ, ಅದು ನನ್ನ ಕೆಲಸವಲ್ಲ ಎಂದರು. ಪರವಾಗಿಲ್ಲ, ಬರೆದುಕೊಳ್ಳಿ ಎಂದೆ. ನಾವಿಬ್ಬರೂ ಕೆಟ್ಟವರಲ್ಲ. ಒಂದೇ ಮನೆಯಲ್ಲಿದ್ದಾಗ ಒಬ್ಬರಿಗೊಬ್ಬರು ಕೇಳಿಸುವುದು ನಿಂತುಹೋಗಿತ್ತು. ಇವತ್ತು ಇನ್ನೂರು ಮೈಲಿ ದೂರದಿಂದ ಕೇಳಿಸಿತು. ಅರ್ಜಿಯನ್ನು ಹಿಂದಕ್ಕೆ ಪಡೆಯುವುದಿಲ್ಲ. ಅವರ ಮೇಲೆ ನನ್ನ ದೂರೂ ಇಲ್ಲ.

ನಾನು ಹೇಳಿದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಡೆದದ್ದು ಹೀಗೆಯೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಮರ್ಫಿ, ಟೆಕ್ಸಸ್
ದಿನಾಂಕ: 22 ಮಾರ್ಚ್ 2025
ರುಜು: ತ್ರಿವೇಣಿ